ಕುಡಿತದ ಮೇಲೆ ನಿಗಾ: ಯಕೃತ್ತಿನ ಕಾಯಿಲೆ ಇರುವವರಿಗೆ ಯಾವ ಪರೀಕ್ಷೆ ಹೊಂದುತ್ತದೆ?

ಯಕೃತ್ತಿನ ಕಾಯಿಲೆ ಇರುವವರು ಮತ್ತು ಅವರ ಮನೆಯವರು ಕೇಳುವ ಪ್ರಶ್ನೆ ಮೇಲ್ನೋಟಕ್ಕೆ ಒಂದೇ: ಕುಡಿತ ನಿಂತಿದೆಯೋ ಇಲ್ಲವೋ ಎಂಬುದನ್ನು ತಿಳಿಸುವ ರಕ್ತಪರೀಕ್ಷೆ ಯಾವುದು? ಆದರೆ ಕೇಳುವವರ ಸ್ಥಿತಿ ಬೇರೆ ಬೇರೆ. ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ಕಾಯಿಲೆ) ಎಂದು ಗೊತ್ತಾದ ಮೇಲೆ ಕುಡಿತವನ್ನು ಪೂರ್ತಿಯಾಗಿ ಬಿಟ್ಟಿರುವ ಒಬ್ಬರಿಗೆ, ರಿಪೋರ್ಟಿನಲ್ಲಿ ಜಿಜಿಟಿ ಎಂಬ ಯಕೃತ್ತಿನ ಕಿಣ್ವ ಇಳಿಯದ ಕಾರಣ ಮನೆಯಲ್ಲಿ ಯಾರೂ ತಮ್ಮನ್ನು ನಂಬುತ್ತಿಲ್ಲ ಎಂಬ ಅಳಲು. ಯಕೃತ್ತಿನ ಕಸಿಗಾಗಿ ಹೆಸರು ನೋಂದಾಯಿಸಲು ಸಿದ್ಧವಾಗುತ್ತಿರುವ ಇನ್ನೊಬ್ಬರಿಗೆ, ಆಸ್ಪತ್ರೆಯವರು ಬರೆದುಕೊಟ್ಟ ದುಬಾರಿ ಪರೀಕ್ಷೆ ನಿಜವಾಗಿಯೂ ಬೇಕೇ ಎಂಬ ಅನುಮಾನ. ಶನಿವಾರ ಭಾನುವಾರಗಳಲ್ಲಿ ಮಾತ್ರ ಕುಡಿಯುವ, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದಿರುವ ಮಧ್ಯವಯಸ್ಸಿನ ಉದ್ಯೋಗಿಗೆ, ಇದಕ್ಕೆ ಕಾರಣ ಬೊಜ್ಜೋ ಬಾಟಲಿಯೋ ಎಂಬ ಗೊಂದಲ. ಈ ಮೂವರಿಗೂ ಒಂದೇ ಪರೀಕ್ಷೆಯನ್ನು ಹೇಳಿ ಕಳುಹಿಸಿದರೆ ಕನಿಷ್ಠ ಇಬ್ಬರ ದುಡ್ಡು ವ್ಯರ್ಥವಾಗುತ್ತದೆ, ಒಬ್ಬರಿಗಾದರೂ ಅನ್ಯಾಯವಾಗುತ್ತದೆ.

ಆಯ್ಕೆಗೆ ಮೊದಲು ಒಂದು ವ್ಯತ್ಯಾಸ ಸ್ಪಷ್ಟವಾಗಬೇಕು. ಮದ್ಯವು ದೇಹದಲ್ಲಿ ಮಾಡಿದ ಹಾನಿಯನ್ನೋ ಬದಲಾವಣೆಯನ್ನೋ ಅಳೆಯುವ ಪರೀಕ್ಷೆಗಳು ಕೆಲವು. ಜಿಜಿಟಿ, ಎಎಸ್‌ಟಿ, ಎಎಲ್‌ಟಿ, ಎಂಸಿವಿ, ಸಿಡಿಟಿಗಳು ಈ ಗುಂಪಿಗೆ ಸೇರುತ್ತವೆ (ಮೊದಲ ಮೂರು ಯಕೃತ್ತಿನ ಕಿಣ್ವಗಳು, ಎಂಸಿವಿ ಕೆಂಪು ರಕ್ತಕಣದ ಗಾತ್ರ, ಸಿಡಿಟಿ ರಕ್ತದ ಒಂದು ಪ್ರೋಟೀನಿನ ಮಾರ್ಪಟ್ಟ ರೂಪ), ಇವನ್ನು ಪರೋಕ್ಷ ಸೂಚಕಗಳೆನ್ನುತ್ತಾರೆ. ಮದ್ಯಸಾರವೇ ದೇಹದೊಳಗಿನ ಇನ್ನೊಂದು ವಸ್ತುವಿನೊಡನೆ ಕೂಡಿ ಉಂಟಾದ ಸಂಯುಕ್ತವನ್ನು ಹುಡುಕುವವು ಇನ್ನು ಕೆಲವು. ರಕ್ತದಲ್ಲಿ ಹುಡುಕುವ ಪೆಥ್ ಮತ್ತು ಮೂತ್ರ, ಕೂದಲಿನಲ್ಲಿ ಹುಡುಕುವ ಇಟಿಜಿ ಇಂತಹ ನೇರ ಸೂಚಕಗಳು. ಯಕೃತ್ತು ನೆಟ್ಟಗಿರುವವರಲ್ಲಿ ಪರೋಕ್ಷ ಸೂಚಕಗಳಿಗೂ ತಕ್ಕಮಟ್ಟಿನ ಬೆಲೆಯಿದೆ. ಯಕೃತ್ತೇ ಕೆಟ್ಟಿರುವಾಗ ಅವು ಕಾಯಿಲೆಯ ಮಾತನ್ನೂ ಕುಡಿತದ ಮಾತನ್ನೂ ಒಂದೇ ದನಿಯಲ್ಲಿ ಹೇಳುತ್ತವೆ, ಯಾವುದು ಯಾವುದೆಂದು ಬಿಡಿಸುವುದು ಸಾಧ್ಯವಾಗುವುದಿಲ್ಲ. ಕುಡಿತದ ಮೇಲೆ ನಿಗಾ ಇಡಬೇಕಾದ ಅಗತ್ಯ ಅತಿ ಹೆಚ್ಚಾಗಿರುವ ರೋಗಿಗಳಲ್ಲಿಯೇ ಅತಿ ಸುಲಭವಾಗಿ ಸಿಗುವ ಪರೀಕ್ಷೆಗಳು ಅತಿ ಕಡಿಮೆ ನಂಬಿಕೆಗೆ ಅರ್ಹವಾಗಿರುವುದು ಈ ವಿಷಯದ ತೊಡಕು.

ಯಾವ ಅಳತೆಗೋಲಿನಿಂದ ತೂಗಬೇಕು

ಮೊದಲನೆಯದು ಕಾಲ. ಪರೀಕ್ಷೆಯು ಎಷ್ಟು ದಿನ ಹಿಂದಿನವರೆಗೆ ನೋಡಬಲ್ಲದು? ನಿನ್ನೆ ರಾತ್ರಿಯ ಸಂಗತಿ ಬೇಕೇ, ಕಳೆದ ತಿಂಗಳದ್ದು ಬೇಕೇ, ಮೂರು ತಿಂಗಳದ್ದು ಬೇಕೇ ಎಂಬುದರ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ. ಎರಡನೆಯದು, ಯಕೃತ್ತಿನ ಕಾಯಿಲೆಯೇ ಫಲಿತಾಂಶವನ್ನು ಏರಿಸುತ್ತದೆಯೇ ಎಂಬುದು. ಮೂರನೆಯದು ಪ್ರಮಾಣ: ದಿನಕ್ಕೆ ಒಂದು ಕ್ವಾರ್ಟರ್ ಕುಡಿಯುವವರನ್ನು ಮಾತ್ರ ಹಿಡಿಯುವ ಪರೀಕ್ಷೆ ಒಂದಾದರೆ, ಒಂದೆರಡು ಪೆಗ್ಗನ್ನೂ ಗುರುತಿಸುವ ಪರೀಕ್ಷೆ ಇನ್ನೊಂದು. ನಾಲ್ಕನೆಯದು, ಕುಡಿಯದೆಯೂ ಪಾಸಿಟಿವ್ ಬರುವ ದಾರಿಗಳು ಎಷ್ಟಿವೆ ಎಂಬುದು. ಕೊನೆಯದು ಖರ್ಚು ಮತ್ತು ಲಭ್ಯತೆ; ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವುದು ಬೇರೆ, ಮಾದರಿಯನ್ನು ಬೆಂಗಳೂರಿಗೋ ಮುಂಬಯಿಗೋ ಕಳುಹಿಸಿ ಕಾಯಬೇಕಾದದ್ದು ಬೇರೆ.

ಪ್ರಮಾಣದ ಬಗ್ಗೆ ಮಾತನಾಡುವಾಗ ವೈದ್ಯರು ಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ, ನಾವು ಪೆಗ್ಗು ಮತ್ತು ಬಾಟಲಿಯ ಲೆಕ್ಕದಲ್ಲಿ ಕೇಳಿಸಿಕೊಳ್ಳುತ್ತೇವೆ. ಅಂಗಡಿಯಲ್ಲಿ ಸಿಗುವ ಶೇ. 42.8 ಮದ್ಯಸಾರದ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ 30 ಮಿ.ಲೀ. ಪೆಗ್ ಒಂದಕ್ಕೆ ಸುಮಾರು 10 ಗ್ರಾಂ ಮದ್ಯಸಾರವಿರುತ್ತದೆ, 90 ಮಿ.ಲೀ. ಎಂದರೆ 30 ಗ್ರಾಂ, 180 ಮಿ.ಲೀ. ಕ್ವಾರ್ಟರ್ ಎಂದರೆ 60 ಗ್ರಾಂ. ‘ಬಿಯರ್ ಮಾತ್ರ’ ಎಂದು ಸಮಾಧಾನ ಪಟ್ಟುಕೊಳ್ಳುವವರು ಗಮನಿಸಬೇಕು: ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ ಇದೆ, ಅಂದರೆ ನಾಲ್ಕು ಪೆಗ್ಗಿಗಿಂತ ಕಡಿಮೆಯಲ್ಲ. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಎಲ್ಲ ಕಡೆ ಸಿಗುವ, ಎಲ್ಲರೂ ಮಾಡಿಸುವ ಪರೀಕ್ಷೆಗಳು

ಎಲ್‌ಎಫ್‌ಟಿ (ಯಕೃತ್ತಿನ ಕಾರ್ಯದ ಪರೀಕ್ಷೆ) ಎಂಬ ಹೆಸರಿನಲ್ಲಿ ಒಟ್ಟಿಗೆ ಬರುವ ಪರೀಕ್ಷೆಗಳಲ್ಲಿ ಜಿಜಿಟಿಗೆ ‘ಕುಡಿತದ ಪರೀಕ್ಷೆ’ ಎಂಬ ಹೆಸರು ಅಂಟಿಕೊಂಡಿದೆ. ದೀರ್ಘಕಾಲ ಹೆಚ್ಚು ಕುಡಿಯುವವರಲ್ಲಿ ಈ ಕಿಣ್ವ ಏರುತ್ತದೆ ಎಂಬುದೂ, ಕುಡಿತ ನಿಲ್ಲಿಸಿದ ಮೇಲೆ ಅದರ ಅರ್ಧಾಯು, ಅಂದರೆ ಪ್ರಮಾಣ ಅರ್ಧಕ್ಕಿಳಿಯಲು ಬೇಕಾಗುವ ಕಾಲ, ಎರಡು ಮೂರು ವಾರಗಳಿರುವುದರಿಂದ ನಿಧಾನವಾಗಿ ಇಳಿಯುತ್ತದೆ ಎಂಬುದೂ ನಿಜ. ಆದರೆ ಫ್ಯಾಟಿ ಲಿವರ್, ಬೊಜ್ಜು, ಮಧುಮೇಹ, ಪಿತ್ತನಾಳದಲ್ಲಿ ಅಡ್ಡಿ, ಫೆನಿಟಾಯಿನ್ ಮತ್ತು ಕಾರ್ಬಮಜೆಪೀನ್‌ನಂತಹ ಮೂರ್ಛೆರೋಗದ ಮಾತ್ರೆಗಳು, ಇವುಗಳಲ್ಲಿ ಯಾವುದೊಂದೂ ಹನಿ ಮದ್ಯ ಮುಟ್ಟದವರ ಜಿಜಿಟಿಯನ್ನು ಏರಿಸಬಲ್ಲದು. ಆರಂಭದಲ್ಲಿ ಹೇಳಿದ ಸಿರೋಸಿಸ್ ರೋಗಿಯ ಅಳಲಿಗೆ ಆಧಾರವಿದೆ: ಆತ ಕುಡಿತ ಬಿಟ್ಟಿದ್ದರೂ ಗಾಯಗೊಂಡ ಯಕೃತ್ತು ಜಿಜಿಟಿಯನ್ನು ಮೇಲೆಯೇ ಇರಿಸಬಹುದು. ಈ ಒಂದು ಸಂಖ್ಯೆಯನ್ನು ಹಿಡಿದು ಮನೆಯಲ್ಲಿ ಪಂಚಾಯಿತಿ ನಡೆಸುವುದು ಸರಿಯಲ್ಲ.

ಎಎಸ್‌ಟಿ ಮತ್ತು ಎಎಲ್‌ಟಿಗಳ ಪ್ರಮಾಣದಲ್ಲಿ ಒಂದು ಸುಳಿವಿದೆ. ಮದ್ಯದಿಂದಾದ ಯಕೃತ್ತಿನ ಉರಿಯೂತದಲ್ಲಿ ಎಎಸ್‌ಟಿಯು ಎಎಲ್‌ಟಿಯ ಎರಡು ಪಟ್ಟಿಗಿಂತ ಹೆಚ್ಚಿರುವುದು ಸಾಮಾನ್ಯ, ಮತ್ತು ಎಎಸ್‌ಟಿ 300–400 ಯೂನಿಟ್ಟನ್ನು ದಾಟುವುದು ಅಪರೂಪ. ಸಾವಿರಗಳಲ್ಲಿ ಬಂದಿದ್ದರೆ ವೈದ್ಯರು ಕುಡಿತವನ್ನು ಬದಿಗಿಟ್ಟು ವೈರಸ್ಸನ್ನೋ ಔಷಧದ ವಿಷವನ್ನೋ ಹುಡುಕುತ್ತಾರೆ. ಆದರೆ ಸಿರೋಸಿಸ್ ಯಾವ ಕಾರಣದಿಂದ ಬಂದಿದ್ದರೂ ಎಎಸ್‌ಟಿ ಮುಂದಾಗುತ್ತದೆ, ಆಗ ಈ ಸುಳಿವು ಮಸುಕಾಗುತ್ತದೆ. ಕ್ಷಯದ ಮಾತ್ರೆಗಳಿಂದ ಈ ಕಿಣ್ವಗಳು ಏರುವುದು ಎಲ್ಲ ವೈದ್ಯರಿಗೂ ಗೊತ್ತಿರುವ ವಿಷಯ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ, ಮಾತ್ರೆಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನೂ ಭಾರತೀಯ ವೈದ್ಯರು ವರದಿ ಮಾಡಿದ್ದಾರೆ. ‘ಕಿಣ್ವ ಏರಿದೆ, ಆದ್ದರಿಂದ ಕುಡಿದಿದ್ದಾರೆ’ ಎಂಬ ತರ್ಕಕ್ಕೆ ಹೀಗೆ ಹಲವು ಕಡೆ ತೂತುಗಳಿವೆ.

ಎಂಸಿವಿ ಎಂಬುದು ಸಾಮಾನ್ಯ ರಕ್ತಪರೀಕ್ಷೆಯಲ್ಲಿಯೇ ಬರುವ ಕೆಂಪು ರಕ್ತಕಣದ ಸರಾಸರಿ ಗಾತ್ರ. ತಿಂಗಳುಗಟ್ಟಲೆ ಹೆಚ್ಚು ಕುಡಿದವರಲ್ಲಿ ಇದು 100 ಫೆಮ್ಟೊಲೀಟರ್ ದಾಟಬಹುದು. ಕೆಂಪು ಕಣದ ಆಯುಸ್ಸು ಸುಮಾರು 120 ದಿನಗಳಾದ್ದರಿಂದ ಕುಡಿತ ನಿಲ್ಲಿಸಿದ ಮೇಲೂ ಇದು ಸರಿಹೋಗಲು ಎರಡರಿಂದ ನಾಲ್ಕು ತಿಂಗಳು ಬೇಕು. ಶುದ್ಧ ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ಬಿ12 ಕೊರತೆಯೂ ಎಂಸಿವಿಯನ್ನು ಏರಿಸುತ್ತದೆ. ಕಬ್ಬಿಣದ ಕೊರತೆ ಅದನ್ನು ಇಳಿಸಿ ಕುಡಿತವನ್ನು ಮರೆಮಾಚುತ್ತದೆ. ನಿಗಾಕ್ಕೆ ಇದು ಕೆಲಸಕ್ಕೆ ಬಾರದು.

ಹಾಗಾದರೆ ಇವುಗಳಿಗೆ ಬೆಲೆಯೇ ಇಲ್ಲವೇ? ಒಂದು ಬಗೆಯ ಬೆಲೆಯಿದೆ. ಒಬ್ಬರ ಹಿಂದಿನ ಸಂಖ್ಯೆಗೂ ಈಗಿನ ಸಂಖ್ಯೆಗೂ ಇರುವ ವ್ಯತ್ಯಾಸವನ್ನು ನೋಡುವುದಾದರೆ, ಮೂರು ತಿಂಗಳು ಸತತವಾಗಿ ಇಳಿದ ಜಿಜಿಟಿ ಔಷಧವೇನೂ ಬದಲಾಗದೆ ಇದ್ದಕ್ಕಿದ್ದಂತೆ ಎರಡು ಪಟ್ಟಾದರೆ, ಅದು ಪ್ರಶ್ನೆ ಕೇಳಲು ಸಾಕಾದ ಕಾರಣ. ಉತ್ತರ ಕೊಡುವ ಶಕ್ತಿ ಅದಕ್ಕಿಲ್ಲ. ಕೆಲವು ನೂರು ರೂಪಾಯಿಗಳಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಇನ್ನೂ ಕಡಿಮೆಗೆ ಆಗುವ, ಹೇಗೂ ಕಾಯಿಲೆಗಾಗಿ ಮಾಡಿಸಲೇಬೇಕಾದ ಪರೀಕ್ಷೆಗಳಾದ್ದರಿಂದ ಅಷ್ಟು ಉಪಯೋಗವನ್ನು ಪಡೆಯಬಹುದು.

ಸಿಡಿಟಿ: ನಡುವೆ ನಿಂತ ಪರೀಕ್ಷೆ

ಕಾರ್ಬೋಹೈಡ್ರೇಟ್ ಡಿಫಿಷಿಯಂಟ್ ಟ್ರಾನ್ಸ್‌ಫೆರಿನ್ ಎಂಬ ಉದ್ದ ಹೆಸರಿನ ಈ ಪರೀಕ್ಷೆ 1970ರ ದಶಕದಲ್ಲಿ ಸ್ವೀಡನ್ನಿನಲ್ಲಿ ನಡೆದ ಸಂಶೋಧನೆಯಿಂದ ಬಂದದ್ದು. ರಕ್ತದಲ್ಲಿ ಕಬ್ಬಿಣವನ್ನು ಹೊತ್ತೊಯ್ಯುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿಗೆ ಅಂಟಿರಬೇಕಾದ ಸಕ್ಕರೆಯ ಸರಪಳಿಗಳು ಸತತ ಕುಡಿತದಿಂದ ಕಡಿಮೆಯಾಗುತ್ತವೆ. ಹೀಗೆ ಸರಪಳಿ ಕಳೆದುಕೊಂಡ ಪ್ರೋಟೀನು ಒಟ್ಟಿನಲ್ಲಿ ಶೇಕಡಾ ಎಷ್ಟಿದೆ ಎಂದು ಅಳೆಯುತ್ತಾರೆ. ಪ್ರಮಾಣೀಕರಿಸಿದ ವಿಧಾನದಲ್ಲಿ ಶೇ. 1.7ರ ಆಸುಪಾಸನ್ನು ಗಡಿಯಾಗಿ ಹಿಡಿಯುತ್ತಾರೆ. ದಿನಕ್ಕೆ 50–80 ಗ್ರಾಂ, ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಕ್ವಾರ್ಟರ್, ಒಂದೆರಡು ವಾರ ಬಿಡದೆ ಕುಡಿದರೆ ಇದು ಏರುತ್ತದೆ, ನಿಲ್ಲಿಸಿದ ಮೇಲೆ ಎರಡು ಮೂರು ವಾರಗಳಲ್ಲಿ ಇಳಿಯುತ್ತದೆ.

ಜಿಜಿಟಿಗಿಂತ ಇದು ಖಚಿತ ಎಂಬುದರಲ್ಲಿ ಸಂಶಯವಿಲ್ಲ. ಬೊಜ್ಜಾಗಲಿ ಸಾಮಾನ್ಯ ಮಾತ್ರೆಗಳಾಗಲಿ ಇದನ್ನು ಅಷ್ಟಾಗಿ ಕದಲಿಸುವುದಿಲ್ಲ. ಆದರೆ ವಾರಕ್ಕೊಮ್ಮೆ ಕುಡಿಯುವವರು ಇದರ ಕಣ್ಣಿಗೆ ಬೀಳುವುದಿಲ್ಲ. ಹೆಂಗಸರಲ್ಲಿ ಇದರ ಗ್ರಹಣಶಕ್ತಿ ಇನ್ನೂ ಕಡಿಮೆ. ಗರ್ಭಾವಸ್ಥೆಯಲ್ಲಿ ಮತ್ತು ಟ್ರಾನ್ಸ್‌ಫೆರಿನ್ನಿನ ಹುಟ್ಟುರಚನೆ ಬೇರೆಯಾಗಿರುವ ಕೆಲವರಲ್ಲಿ ಫಲಿತಾಂಶ ದಾರಿ ತಪ್ಪಿಸುತ್ತದೆ. ಟ್ರಾನ್ಸ್‌ಫೆರಿನ್ ತಯಾರಾಗುವುದು ಯಕೃತ್ತಿನಲ್ಲಿಯೇ ಆದ್ದರಿಂದ ಮುಂದುವರಿದ ಸಿರೋಸಿಸ್‌ನಲ್ಲಿ ಅದರ ರೂಪವೇ ಏರುಪೇರಾಗಿ, ಯಂತ್ರದ ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಓದಲು ಬಾರದಂತಾಗುವುದೂ ಉಂಟು. ಯಕೃತ್ತು ಇನ್ನೂ ತಕ್ಕಮಟ್ಟಿಗೆ ಗಟ್ಟಿಯಾಗಿರುವ ಗಂಡಸರಲ್ಲಿ, ಪೆಥ್ ಸಿಗದ ಕಡೆ, ಜಿಜಿಟಿಯ ಜೊತೆಗೆ ಸಿಡಿಟಿಯನ್ನೂ ಮಾಡಿಸುವುದು ಒಪ್ಪಬಹುದಾದ ಎರಡನೆಯ ದಾರಿ. ಹೊಟ್ಟೆಯಲ್ಲಿ ನೀರು ತುಂಬಿ, ಕಾಮಾಲೆ ಬಂದು ಆಸ್ಪತ್ರೆ ಸೇರಿರುವವರಿಗೆ ನಾನಂತೂ ಇದನ್ನು ಸೂಚಿಸಲಾರೆ.

ಪೆಥ್: ಒಂದು ತಿಂಗಳ ಸಾಕ್ಷಿ

ಫಾಸ್ಫಟಿಡೈಲ್ ಎಥನಾಲ್ ಎಂಬುದರ ಕಿರುರೂಪ ಪೆಥ್. (ಕ್ಯಾನ್ಸರಿಗೆ ಮಾಡುವ ಪೆಟ್ ಸ್ಕ್ಯಾನಿಗೂ ಇದಕ್ಕೂ ಸಂಬಂಧವಿಲ್ಲ, ಚೀಟಿ ಬರೆಸಿಕೊಳ್ಳುವಾಗ ಪೂರ್ಣ ಹೆಸರನ್ನೇ ಬರೆಸಿಕೊಂಡರೆ ಗೊಂದಲ ತಪ್ಪುತ್ತದೆ.) ಇದರ ಕಥೆಯೂ 1980ರ ದಶಕದ ಸ್ವೀಡನ್ನಿನಲ್ಲಿಯೇ ಶುರುವಾಗುತ್ತದೆ. ರಕ್ತದಲ್ಲಿ ಮದ್ಯಸಾರ ಇರುವಾಗ ಮಾತ್ರ, ಕೆಂಪು ರಕ್ತಕಣದ ಪೊರೆಯಲ್ಲಿರುವ ಕೊಬ್ಬಿನ ಅಂಶದೊಡನೆ ಅದು ಕೂಡಿ ಈ ವಸ್ತು ಉಂಟಾಗುತ್ತದೆ. ಮದ್ಯಸಾರ ಇಲ್ಲದೆ ಪೆಥ್ ಇಲ್ಲ. ಯಕೃತ್ತು ಎಷ್ಟೇ ಕೆಟ್ಟಿರಲಿ, ಅದರಿಂದ ಪೆಥ್ ಹುಟ್ಟುವುದಿಲ್ಲ. ಯಕೃತ್ತಿನ ರೋಗಿಗಳ ಮಟ್ಟಿಗೆ ಇದೊಂದೇ ಗುಣ ಉಳಿದೆಲ್ಲ ಪರೋಕ್ಷ ಸೂಚಕಗಳಿಂದ ಇದನ್ನು ಬೇರ್ಪಡಿಸುತ್ತದೆ.

ಅರ್ಧಾಯು ಸುಮಾರು 4ರಿಂದ 10 ದಿನಗಳು, ಆದ್ದರಿಂದ ಹಿಂದಿನ ಎರಡರಿಂದ ನಾಲ್ಕು ವಾರಗಳ ಕುಡಿತ ಇದರಲ್ಲಿ ಕಾಣಿಸುತ್ತದೆ, ಹೆಚ್ಚು ಕುಡಿಯುತ್ತಿದ್ದವರಲ್ಲಿ ಅದಕ್ಕೂ ಹಿಂದಿನದು. 2022ರಲ್ಲಿ ಬಾಸೆಲ್ ಒಮ್ಮತ ಎಂಬ ಹೆಸರಿನಲ್ಲಿ ತಜ್ಞರು ಒಪ್ಪಿಕೊಂಡ ಗಡಿಗಳು ಹೀಗಿವೆ: ಪ್ರತಿ ಮಿಲಿಲೀಟರ್ ರಕ್ತಕ್ಕೆ 20 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕುಡಿದಿಲ್ಲ ಅಥವಾ ಬಹಳ ಕಡಿಮೆ ಕುಡಿದಿದ್ದಾರೆ, 20ರಿಂದ 200ರ ನಡುವೆ ಇದ್ದರೆ ಮಧ್ಯಮ ಪ್ರಮಾಣದ ಸೇವನೆ, 200 ದಾಟಿದರೆ ಸತತವಾದ ಅತಿ ಸೇವನೆ. ಕೆಲವು ಪ್ರಯೋಗಾಲಯಗಳು ಪ್ರತಿ ಲೀಟರಿಗೆ ಮೈಕ್ರೋಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಅಲ್ಲಿ 200 ನ್ಯಾನೋಗ್ರಾಂ ಎಂಬುದು ಸುಮಾರು 0.28 ಆಗುತ್ತದೆ. ಎರಡು ಕಡೆಯ ರಿಪೋರ್ಟುಗಳನ್ನು ಪಕ್ಕದಲ್ಲಿಟ್ಟು ನೋಡುವಾಗ ಅಳತೆಯ ಈ ಏಕಮಾನವನ್ನು ಗಮನಿಸದೆ ಗಾಬರಿಪಟ್ಟುಕೊಳ್ಳುವುದು ಬೇಡ.

ಇದರ ಮಿತಿಗಳನ್ನೂ ಹೇಳಬೇಕು, ಏಕೆಂದರೆ ಪೆಥ್ ಬಂದ ಮೇಲೆ ಅದನ್ನು ನ್ಯಾಯಾಧೀಶನಂತೆ ಕಾಣುವ ಪ್ರವೃತ್ತಿಯೂ ಬಂದಿದೆ. 20ರ ಕೆಳಗಿನ ಸಂಖ್ಯೆ ಪೂರ್ಣ ವರ್ಜನೆಯ ಪ್ರಮಾಣಪತ್ರವಲ್ಲ. ಮೂರು ವಾರದ ಹಿಂದೆ ಒಂದು ಮದುವೆಮನೆಯಲ್ಲಿ ಎರಡು ಪೆಗ್ ಕುಡಿದಿದ್ದರೆ ಅದು ಕಾಣದೇ ಹೋಗಬಹುದು. ಒಂದೇ ಪ್ರಮಾಣದಲ್ಲಿ ಕುಡಿದ ಇಬ್ಬರ ಪೆಥ್ ಒಂದೇ ಆಗಿರುವುದಿಲ್ಲ, ಆದ್ದರಿಂದ ಸಂಖ್ಯೆಯಿಂದ ಪೆಗ್ಗುಗಳ ಲೆಕ್ಕ ತೆಗೆಯಲು ಹೋಗಬಾರದು. ಸಿರೋಸಿಸ್ ರೋಗಿಗಳಲ್ಲಿ ಅನ್ನನಾಳದ ರಕ್ತನಾಳ ಒಡೆದು ರಕ್ತಸ್ರಾವವಾಗುವುದು, ಆಗ ಬಾಟಲಿಗಟ್ಟಲೆ ರಕ್ತ ಕೊಡಬೇಕಾಗುವುದು ಅಪರೂಪವಲ್ಲ. ಹಾಗೆ ಪಡೆದ ರಕ್ತದಲ್ಲಿ ದಾನಿಯ ಪೆಥ್ ಇರಬಹುದು, ಅಥವಾ ದಾನಿಯ ಶುದ್ಧ ರಕ್ತದಿಂದ ರೋಗಿಯ ಪೆಥ್ ತೆಳುವಾಗಬಹುದು. ಗುಲ್ಮ (ಸ್ಪ್ಲೀನ್) ಊದಿಕೊಂಡು ಕೆಂಪು ಕಣಗಳು ಬೇಗ ನಾಶವಾಗುವವರಲ್ಲಿ ಸಂಖ್ಯೆ ನಿಜಕ್ಕಿಂತ ಕೆಳಗೆ ಬರಬಹುದು. ಖರ್ಚು ಸಾಮಾನ್ಯವಾಗಿ ಸಾವಿರಗಳಲ್ಲಿದೆ, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಇರುವ ದೊಡ್ಡ ಪ್ರಯೋಗಾಲಯಕ್ಕೇ ಮಾದರಿ ಹೋಗಬೇಕು, ಫಲಿತಾಂಶಕ್ಕೆ ಕಾಯಬೇಕು.

ಕಾಲದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ, ಇದು ಅರ್ಥವಾಗದೆ ಆಗುವ ಅನ್ಯಾಯಗಳು ಹೆಚ್ಚು. ಕುಡಿತ ನಿಲ್ಲಿಸಿದ ದಿನ ಒಬ್ಬರ ಪೆಥ್ 800 ಇತ್ತೆಂದುಕೊಳ್ಳಿ. ಅವರಲ್ಲಿ ಅರ್ಧಾಯು 7 ದಿನವಾದರೆ ವಾರಕ್ಕೆ 400, ಎರಡು ವಾರಕ್ಕೆ 200, ನಾಲ್ಕು ವಾರಕ್ಕೆ 50, ಐದು ವಾರಕ್ಕೆ 25. ಆರನೆಯ ವಾರಕ್ಕೆ ಮಾತ್ರ 20ರ ಕೆಳಗೆ. ಅರ್ಧಾಯು 10 ದಿನವಾಗಿದ್ದರೆ ನಾಲ್ಕು ವಾರ ಕಳೆದರೂ 115ರ ಆಸುಪಾಸಿನಲ್ಲಿರುತ್ತದೆ. ಅಂದರೆ ಹನಿ ಮುಟ್ಟದೆ ಒಂದು ತಿಂಗಳು ಕಳೆದವರ ರಿಪೋರ್ಟಿನಲ್ಲಿಯೂ ‘ಮಧ್ಯಮ ಸೇವನೆ’ ಎಂದು ಬರಬಹುದು. ಆದ್ದರಿಂದಲೇ ಒಂದೇ ಒಂದು ಪೆಥ್‌ಗಿಂತ, ಬಿಟ್ಟ ದಿನದ ಒಂದು ಮತ್ತು ನಾಲ್ಕು ವಾರದ ಬಳಿಕ ಇನ್ನೊಂದು ಎಂಬ ಜೋಡಿಗೆ ಹೆಚ್ಚು ಬೆಲೆ. ಸಂಖ್ಯೆ ಇಳಿಮುಖವಾಗಿದ್ದರೆ ರೋಗಿಯ ಮಾತಿಗೆ ಅದು ಬಲ. ಇಳಿದದ್ದು ಮತ್ತೆ ಏರಿದರೆ ಅದಕ್ಕೆ ಬೇರೆ ವಿವರಣೆ ಕಡಿಮೆ.

ಮೂತ್ರ, ಕೂದಲು ಮತ್ತು ಉಸಿರು

ರಕ್ತದ ಮಾತಿನ ನಡುವೆ ಇವು ಬರುವುದು ಅನಿವಾರ್ಯ, ಏಕೆಂದರೆ ಕೆಲವರಿಗೆ ಇವೇ ಒಳ್ಳೆಯ ಆಯ್ಕೆ. ಎಥೈಲ್ ಗ್ಲುಕ್ಯುರೊನೈಡ್, ಅಂದರೆ ಇಟಿಜಿ, ಮದ್ಯಸಾರ ವಿಭಜನೆಯಾಗುವಾಗ ಅದರ ಸಣ್ಣ ಪಾಲಿನಿಂದ ಉಂಟಾಗಿ ಮೂತ್ರದಲ್ಲಿ ಹೊರಬರುತ್ತದೆ. ಮದ್ಯಸಾರವೇ ಕೆಲವು ಗಂಟೆಗಳಲ್ಲಿ ಮಾಯವಾದರೂ ಇಟಿಜಿ ಮೂತ್ರದಲ್ಲಿ ಮೂರು ದಿನ, ಹೆಚ್ಚೆಂದರೆ ಐದು ದಿನ ಸಿಗುತ್ತದೆ. ಯುರೋಪಿನ ಯಕೃತ್ ತಜ್ಞರ ಸಂಘದ 2018ರ ಮಾರ್ಗಸೂಚಿ ವರ್ಜನೆಯ ನಿಗಾಕ್ಕೆ ಮೂತ್ರದ ಅಥವಾ ಕೂದಲಿನ ಇಟಿಜಿಯನ್ನು ಒಪ್ಪಿದೆ. ಇದು ಒಂದೆರಡು ಪೆಗ್ಗನ್ನೂ ಹಿಡಿಯುವಷ್ಟು ಸೂಕ್ಷ್ಮ. ಆ ಸೂಕ್ಷ್ಮತೆಯೇ ಇದರ ದೋಷವೂ ಹೌದು: ಮದ್ಯಸಾರವಿರುವ ಮೌತ್‌ವಾಶ್, ಪದೇ ಪದೇ ಬಳಸಿದ ಸ್ಯಾನಿಟೈಸರ್, ಕೆಮ್ಮಿನ ಸಿರಪ್ಪುಗಳಿಂದ ಕಡಿಮೆ ಮಟ್ಟದ ಪಾಸಿಟಿವ್ ಬರಬಹುದು. ಇದಕ್ಕಾಗಿಯೇ ಪ್ರತಿ ಮಿಲಿಲೀಟರಿಗೆ 100 ನ್ಯಾನೋಗ್ರಾಂ ಎಂಬ ಬಿಗಿ ಗಡಿಯ ಜೊತೆಗೆ 500 ಎಂಬ ಸಡಿಲ ಗಡಿಯೂ ಬಳಕೆಯಲ್ಲಿದೆ. ಮೂತ್ರದ ಸೋಂಕಿನಲ್ಲಿ ಬ್ಯಾಕ್ಟೀರಿಯಾಗಳು ಇಟಿಜಿಯನ್ನು ಒಡೆದುಹಾಕಬಲ್ಲವು. ಮೂತ್ರಪಿಂಡ ದುರ್ಬಲವಾಗಿದ್ದರೆ ಅದು ಹೆಚ್ಚು ದಿನ ಉಳಿಯುತ್ತದೆ. ಪರೀಕ್ಷೆಗೆ ಮುನ್ನ ಲೀಟರುಗಟ್ಟಲೆ ನೀರು ಕುಡಿದು ಬಂದರೆ ತೆಳುವಾಗುತ್ತದೆ, ಆದ್ದರಿಂದ ಮೂತ್ರ ಎಷ್ಟು ತೆಳುವಾಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಅನ್ನು ಜೊತೆಗೆ ಅಳೆಯದ ರಿಪೋರ್ಟನ್ನು ನಂಬಬಾರದು.

ನಮ್ಮ ಕಡೆ ವಿಶೇಷವಾಗಿ ಕೇಳಬೇಕಾದ ಪ್ರಶ್ನೆಯೊಂದಿದೆ: ಅರಿಷ್ಟ, ಆಸವಗಳನ್ನು ಕುಡಿಯುತ್ತಿದ್ದೀರಾ? ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ, ಅಶೋಕಾರಿಷ್ಟಗಳಲ್ಲಿ ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯಸಾರ ಶೇ. 5–10ರಷ್ಟಿರುವುದು ಸಾಮಾನ್ಯ, ಸೀಸೆಯ ಮೇಲೆಯೇ ಅದನ್ನು ನಮೂದಿಸಿರುತ್ತಾರೆ. ದಿನಕ್ಕೆರಡು ಬಾರಿ 30 ಮಿ.ಲೀ. ಸೇವಿಸಿದರೆ ಎರಡೂವರೆಯಿಂದ ಐದು ಗ್ರಾಂವರೆಗೆ ಮದ್ಯಸಾರ ಒಳಹೋಗುತ್ತದೆ. ಮೂತ್ರದ ಇಟಿಜಿ ಪಾಸಿಟಿವ್ ಬರಲು ಅಷ್ಟು ಸಾಕಾಗಬಹುದು. ಪೆಥ್ 200 ದಾಟಲು ಮಾತ್ರ ಅಷ್ಟು ಸಾಲದು, ಆದ್ದರಿಂದ 600 ಬಂದವರು ಅರಿಷ್ಟದ ಮೇಲೆ ಹೊರೆ ಹಾಕಿದರೆ ವೈದ್ಯರು ಒಪ್ಪುವುದಿಲ್ಲ. ಸಿರೋಸಿಸ್ ಇರುವವರು ಇವನ್ನು ಸೇವಿಸುತ್ತಿದ್ದರೆ, ಪರೀಕ್ಷೆಯ ಪ್ರಶ್ನೆಯನ್ನು ಬಿಟ್ಟರೂ, ವೈದ್ಯರಿಗೆ ತಿಳಿಸಲೇಬೇಕು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದ ಮೂರು ಸೆಂಟಿಮೀಟರಿನಲ್ಲಿ ಮೂರು ತಿಂಗಳ ದಾಖಲೆ ಇರುತ್ತದೆ. ಪ್ರತಿ ಮಿಲಿಗ್ರಾಂ ಕೂದಲಿಗೆ 30 ಪಿಕೋಗ್ರಾಂ ಇಟಿಜಿ ದಾಟಿದರೆ ಸತತ ಅತಿ ಸೇವನೆ ಎಂದು ಅರ್ಥ. ದೀರ್ಘಕಾಲದ ನೋಟ ಬೇಕಾದಾಗ ಇದಕ್ಕೆ ಸಮಾನವಿಲ್ಲ, ಆದರೆ ಬ್ಲೀಚ್ ಮಾಡಿದ ಕೂದಲಲ್ಲಿ ಸಂಖ್ಯೆ ಕುಸಿಯುತ್ತದೆ, ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರಲ್ಲಿ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ. ಉಸಿರಿನ ಮತ್ತು ರಕ್ತದ ಮದ್ಯಸಾರದ ಪರೀಕ್ಷೆ ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ತುರ್ತು ಚಿಕಿತ್ಸಾ ಘಟಕಕ್ಕೆ ಸರಿ, ನಿಗಾಕ್ಕೆ ಸಾಲದು.

ಯಾರಿಗೆ ಯಾವುದು

ಸಿರೋಸಿಸ್ ಇದ್ದು, ಕುಡಿತ ಬಿಟ್ಟು, ಅದನ್ನು ಮನೆಯವರಿಗೂ ವೈದ್ಯರಿಗೂ ತೋರಿಸಿಕೊಡಬೇಕೆನ್ನುವವರಿಗೆ ಪೆಥ್ ಅತ್ಯುತ್ತಮ. ಹಣದ ಅನುಕೂಲ ಕಡಿಮೆಯಿದ್ದರೆ ಪ್ರತಿ ತಿಂಗಳೂ ಬೇಡ. ಆರಂಭದಲ್ಲಿ ಒಂದು, ಆರು ವಾರಕ್ಕೆ ಒಂದು, ಬಳಿಕ ಮೂರು ತಿಂಗಳಿಗೊಮ್ಮೆ ಸಾಕು, ನಡುವೆ ಎಲ್‌ಎಫ್‌ಟಿ ಹೇಗೂ ನಡೆದಿರುತ್ತದೆ. ಅದೂ ಕೈಗೆಟುಕದಿದ್ದರೆ, ಮೊದಲೇ ದಿನ ಗೊತ್ತುಮಾಡದೆ ತಿಂಗಳಲ್ಲಿ ಎರಡು ಮೂರು ಬಾರಿ ಮೂತ್ರದ ಇಟಿಜಿ ಮಾಡಿಸುವುದು ಜಿಜಿಟಿಯನ್ನು ನೆಚ್ಚಿ ಕೂರುವುದಕ್ಕಿಂತ ಮೇಲು. ಅದನ್ನು ಗೊತ್ತಾದ ದಿನವೇ ಮಾಡಿದರೆ ಐದು ದಿನ ತಡೆದುಕೊಂಡವರು ಪಾರಾಗುತ್ತಾರೆ.

ಕಸಿಯ ದಾರಿಯಲ್ಲಿರುವವರ ಪ್ರಶ್ನೆ ಬೇರೆ. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳ ಹಂಚಿಕೆ ಜೀವಸಾರ್ಥಕತೆ ಸಂಸ್ಥೆಯ ಮೂಲಕ ನಡೆಯುತ್ತದೆ, ಆದರೆ ರೋಗಿ ಕಸಿಗೆ ಅರ್ಹರೇ ಎಂಬುದನ್ನು ಆಯಾ ಆಸ್ಪತ್ರೆಯ ತಂಡ ನಿರ್ಧರಿಸುತ್ತದೆ. ಆರು ತಿಂಗಳು ಮದ್ಯ ಮುಟ್ಟಿರಬಾರದೆಂಬ ನಿಯಮವನ್ನು ಅನೇಕ ಕೇಂದ್ರಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದಿವೆ. ಈಗ ಕೆಲವು ಕಡೆ ಕಾಲದ ಗಡಿಗಿಂತ ರೋಗಿಯ ಒಟ್ಟು ಪರಿಸ್ಥಿತಿಗೆ ಹೆಚ್ಚು ಗಮನ ಕೊಡುತ್ತಾರೆ. ಎರಡೂ ಸಂದರ್ಭದಲ್ಲಿ ಬಾಯಿಮಾತಿಗಿಂತ ದಾಖಲೆಗೆ ತೂಕ. ಇಲ್ಲಿ ಖರ್ಚು ಉಳಿಸುವ ಯೋಚನೆ ಬೇಡ: ಪೆಥ್ ಮತ್ತು ಮೂತ್ರದ ಇಟಿಜಿ ಎರಡನ್ನೂ ತಂಡ ಹೇಳಿದ ಅಂತರದಲ್ಲಿ ಮಾಡಿಸಿ, ಒಂದು ತಿಂಗಳ ಹಿಂದಿನದನ್ನೂ ಮೂರು ದಿನದ ಹಿಂದಿನದನ್ನೂ ಒಟ್ಟಿಗೆ ದಾಖಲಿಸಿಬಿಡುವುದು ಒಳ್ಳೆಯದು. ಕಸಿಯ ಬಳಿಕವೂ ಇದೇ ಜೋಡಿ ಸರಿ, ಏಕೆಂದರೆ ಆಗ ಜಿಜಿಟಿ ಏರಿದರೆ ಅದು ಹೊಸ ಪಿತ್ತನಾಳ ಕಿರಿದಾದದ್ದರಿಂದಲೂ ಇರಬಹುದು, ಅಂಗವನ್ನು ದೇಹ ತಿರಸ್ಕರಿಸುತ್ತಿರುವುದರಿಂದಲೂ ಇರಬಹುದು.

ಫ್ಯಾಟಿ ಲಿವರ್ ಇರುವ ವಾರಾಂತ್ಯದ ಕುಡಿಕರಿಗೆ ಮೊದಲು ಬೇಕಾದದ್ದು ಪರೀಕ್ಷೆಯಲ್ಲ, ಪ್ರಾಮಾಣಿಕ ಲೆಕ್ಕ. 2023ರಲ್ಲಿ ಫ್ಯಾಟಿ ಲಿವರಿನ ಹೆಸರುಗಳನ್ನು ಬದಲಿಸಿದಾಗ, ಬೊಜ್ಜು-ಮಧುಮೇಹಗಳ ಜೊತೆಗೆ ವಾರಕ್ಕೆ ಗಂಡಸರಲ್ಲಿ 210–420 ಗ್ರಾಂ, ಹೆಂಗಸರಲ್ಲಿ 140–350 ಗ್ರಾಂ ಮದ್ಯಸಾರ ಸೇವಿಸುವವರಿಗೆ ‘ಮೆಟ್-ಎಎಲ್‌ಡಿ’ ಎಂಬ ಪ್ರತ್ಯೇಕ ಗುಂಪನ್ನು ಮಾಡಿದರು. 210 ಗ್ರಾಂ ಎಂದರೆ ಮೂರೂವರೆ ಕ್ವಾರ್ಟರ್. ಶನಿವಾರ, ಭಾನುವಾರಗಳಲ್ಲಿಯೇ ಅಷ್ಟನ್ನು ಮುಗಿಸುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ವೈದ್ಯರ ಮುಂದೆ ಮುಚ್ಚುಮರೆಯಿಲ್ಲದೆ ತುಂಬಿದರೆ ಯಾವ ಪರೀಕ್ಷೆಯೂ ಇಲ್ಲದೆ ಅರ್ಧ ಉತ್ತರ ಸಿಗುತ್ತದೆ. ಲೆಕ್ಕಕ್ಕೂ ಯಕೃತ್ತಿನ ಸ್ಥಿತಿಗೂ ತಾಳೆಯಾಗದಿದ್ದಾಗ ಒಂದು ಪೆಥ್ ಮಾಡಿಸುವುದು ಅರ್ಥಪೂರ್ಣ.

ಮನೆಯವರಿಗೆ ಒಂದು ಮಾತು. ರೋಗಿಗೆ ತಿಳಿಸದೆ ‘ಬೇರೆ ಯಾವುದೋ ಟೆಸ್ಟ್’ ಎಂದು ಹೇಳಿ ಪೆಥ್ ಮಾಡಿಸುವುದು ಒಪ್ಪತಕ್ಕದ್ದಲ್ಲ, ಫಲಿತಾಂಶ ಏನೇ ಬಂದರೂ ಮುಂದಿನ ಬಾರಿ ಅವರು ಆಸ್ಪತ್ರೆಗೆ ಬರುವುದನ್ನೇ ನಿಲ್ಲಿಸುತ್ತಾರೆ. ಕುಡಿತ ಬಿಡಿಸುವ ಪುಡಿಯೆಂದು ಊಟದಲ್ಲಿ ಕದ್ದು ಬೆರೆಸುವುದಂತೂ ಅಪಾಯ; ಆ ಉದ್ದೇಶದ ಡೈಸಲ್ಫಿರಾಮ್ ಎಂಬ ಔಷಧವೇ ಯಕೃತ್ತಿಗೆ ವಿಷವಾಗಬಲ್ಲದು. ದಿನವೂ ಹೆಚ್ಚು ಕುಡಿಯುತ್ತಿರುವವರು ರಿಪೋರ್ಟಿಗೆ ಹೆದರಿ ಇದ್ದಕ್ಕಿದ್ದಂತೆ ಒಂಟಿಯಾಗಿ ನಿಲ್ಲಿಸುವುದೂ ಸರಿಯಲ್ಲ. ನಡುಕ, ಫಿಟ್ಸ್, ಭ್ರಮೆಗಳು ಬಂದು ಜೀವಕ್ಕೆ ಕುತ್ತಾಗಬಹುದು. ವೈದ್ಯರ ನಿಗಾದಲ್ಲಿ ನಿಲ್ಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಪರೀಕ್ಷೆಗೆ ಹೋಗುವ ದಿನ ಕೆಲವು ಸಣ್ಣ ವಿಷಯಗಳು ಫಲಿತಾಂಶವನ್ನು ಕಾಪಾಡುತ್ತವೆ. ಪೆಥ್ ಇರುವುದು ಕೆಂಪು ಕಣಗಳಲ್ಲಿ, ಆದ್ದರಿಂದ ನೇರಳೆ ಮುಚ್ಚಳದ ಇಡಿಟಿಎ ಸೀಸೆಯಲ್ಲಿ ಇಡೀ ರಕ್ತ ಹೋಗಬೇಕು. ಸಿಡಿಟಿಗೆ ಸೀರಂ, ಅಂದರೆ ರಕ್ತದ ತಿಳಿಭಾಗ, ಬೇಕು. ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವ ಬದಲು ಮದ್ಯಸಾರವಿಲ್ಲದ ದ್ರಾವಣದಿಂದ ಒರೆಸಲು ಕೇಳಿಕೊಳ್ಳಿ, ಏಕೆಂದರೆ ಸೀಸೆಯೊಳಗೆ ಮದ್ಯಸಾರ ಬೆರೆತರೆ ಅಲ್ಲಿಯೂ ಪೆಥ್ ಹುಟ್ಟಬಹುದು. ಪ್ರತಿ ಬಾರಿಯೂ ಒಂದೇ ಪ್ರಯೋಗಾಲಯವನ್ನು, ಸಾಧ್ಯವಾದರೆ ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಪ್ರಯೋಗಾಲಯ ಮಂಡಳಿಯ ಮಾನ್ಯತೆ ಇರುವುದನ್ನು, ಹಿಡಿದುಕೊಳ್ಳಿ. ಕಳೆದ ಎರಡು ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಅದರ ದಿನಾಂಕವನ್ನು, ಸೇವಿಸುತ್ತಿರುವ ಅರಿಷ್ಟ, ಟಾನಿಕ್, ಸಿರಪ್ಪುಗಳ ಹೆಸರನ್ನು ಚೀಟಿಯ ಮೇಲೆಯೇ ಬರೆಸಿ. ‘ಪಾಸಿಟಿವ್’ ಎಂದಷ್ಟೇ ಬರೆದ ರಿಪೋರ್ಟನ್ನು ತೆಗೆದುಕೊಳ್ಳದೆ, ಸಂಖ್ಯೆ, ಏಕಮಾನ, ಬಳಸಿದ ಗಡಿ ಈ ಮೂರೂ ಇರುವ ಪ್ರತಿಯನ್ನು ಕೇಳಿ ಪಡೆದು ಹಳೆಯದರ ಜೊತೆಗೆ ಇಟ್ಟುಕೊಳ್ಳಿ. ಮುಂದಿನ ಬಾರಿ ವೈದ್ಯರು ಹೋಲಿಸಿ ನೋಡುವುದು ಅದನ್ನೇ.